ಕಾಯಿಲ್‌ಓವರ್ ಸಸ್ಪೆನ್ಷನ್: ನಾಲ್ಕು ಸೆಂಟಿಮೀಟರಿನ ಲೆಕ್ಕ

ನಮ್ಮ ನಗರಗಳ ರಸ್ತೆಗಳಲ್ಲಿ ಕೆಲವು ಕಾರುಗಳನ್ನು ನೀವು ಗಮನಿಸಿರಬಹುದು. ನೋಡಲು ಎಲ್ಲ ಕಾರುಗಳಂತೆಯೇ ಇದ್ದರೂ ಅವು ನೆಲಕ್ಕೆ ತುಸು ಹೆಚ್ಚೇ ಹತ್ತಿರವಾಗಿರುತ್ತವೆ. ಚಕ್ರಕ್ಕೂ ಅದರ ಮೇಲಿನ ಕಮಾನಿಗೂ ನಡುವೆ ಎರಡು ಬೆರಳು ತೂರುವಷ್ಟೇ ಜಾಗ. ರಸ್ತೆ ಉಬ್ಬು ಎದುರಾದರೆ ಚಾಲಕ ಕಾರನ್ನು ಓರೆ ಮಾಡಿ, ಒಂದೊಂದೇ ಚಕ್ರವನ್ನು ಹತ್ತಿಸಿ ಇಳಿಸುತ್ತಾನೆ. ಆದರೂ ಒಮ್ಮೊಮ್ಮೆ ಹೊಟ್ಟೆ ಉಜ್ಜಿದ ಸದ್ದು ಕೇಳಿಬರುತ್ತದೆ. ಇಂಥ ಕಾರುಗಳಲ್ಲಿ ಕೆಲವಕ್ಕೆ ತಯಾರಕರು ಕೊಟ್ಟ ಸ್ಪ್ರಿಂಗು ಮತ್ತು ಶಾಕ್‌ಅಬ್ಸಾರ್ಬರ್‌ಗಳನ್ನು ಕಳಚಿ, ಮಾರುಕಟ್ಟೆಯಲ್ಲಿ ಬೇರೆಯಾಗಿ ಸಿಗುವ 'ಕಾಯಿಲ್‌ಓವರ್' ಎಂಬ ಜೋಡಣೆಯನ್ನು ಹಾಕಿರುತ್ತಾರೆ. ಪಂದ್ಯದ ಕಾರುಗಳಿಂದ ಬಂದ ಈ ಸಲಕರಣೆಯನ್ನು ದಿನವೂ ಕಚೇರಿಗೆ, ಶಾಲೆಗೆ, ಊರಿಗೆ ಓಡಾಡುವ ಕಾರಿಗೆ ಹಾಕಿದರೆ ಏನಾಗುತ್ತದೆ? ಉತ್ತರಕ್ಕೆ ಪಿ.ಯು.ಸಿ. ಮಟ್ಟದ ಭೌತವಿಜ್ಞಾನ ಸಾಕು.

ಮೊದಲು ಹೆಸರಿನ ವಿಷಯ. ಕಾಯಿಲ್ ಎಂದರೆ ಸುರುಳಿ ಸ್ಪ್ರಿಂಗು. ಅದು ಶಾಕ್‌ಅಬ್ಸಾರ್ಬರ್ ಕೊಳವೆಯನ್ನು ಸುತ್ತುವರಿದು ಕೂತಿರುವುದರಿಂದ ಈ ಹೆಸರು. ಹಾಗೆ ನೋಡಿದರೆ ಇದರಲ್ಲಿ ಹೊಸತೇನೂ ಇಲ್ಲ. ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ ರೂಪಿಸಿದ, ಅವರ ಹೆಸರನ್ನೇ ಹೊತ್ತ ಮುಂಚಕ್ರದ ಜೋಡಣೆಯಲ್ಲೂ ಸ್ಪ್ರಿಂಗು ಕೊಳವೆಯ ಸುತ್ತಲೇ ಇರುತ್ತದೆ. 1950ರಲ್ಲಿ ಇಂಗ್ಲೆಂಡಿನ ಫೋರ್ಡ್ ಕಂಪನಿ ಪ್ರದರ್ಶಿಸಿದ ಕಾನ್ಸಲ್, ಜೆಫೈರ್ ಕಾರುಗಳಿಂದ ಅದು ಜನಪ್ರಿಯವಾಯಿತು. ನಮ್ಮಲ್ಲಿ ಅಂಬಾಸಡರ್ ಕಾರಿನ ಮುಂದೆ ತಿರುಚುವ ಉಕ್ಕಿನ ಸರಳು, ಹಿಂದೆ ಉಕ್ಕಿನ ಪಟ್ಟಿಗಳ ಕಟ್ಟು ಇದ್ದವು. ಮ್ಯಾಕ್‌ಫರ್ಸನ್ ಜೋಡಣೆಯನ್ನು ಮನೆಮನೆಗೆ ತಂದದ್ದು 1983ರಲ್ಲಿ ಬಂದ ಮಾರುತಿ 800. ಇಂದು ಮಾರುಕಟ್ಟೆಯಲ್ಲಿ ಕಾಯಿಲ್‌ಓವರ್ ಎಂದು ಮಾರುವುದು ಇದರದೇ ಇನ್ನೊಂದು ರೂಪ. ಕೊಳವೆಯ ಹೊರಮೈಗೆ ತಿರುಪು ಕೊರೆದಿರುತ್ತಾರೆ. ಸ್ಪ್ರಿಂಗಿನ ಕೆಳತುದಿ ಕೂರುವ ಬಳೆಯನ್ನು ಆ ತಿರುಪಿನ ಮೇಲೆ ಮೇಲೆ ಕೆಳಗೆ ತಿರುಗಿಸಿ ಕಾರಿನ ಎತ್ತರವನ್ನು ಹೊಂದಿಸಬಹುದು. ಜೊತೆಗೆ ಸ್ಪ್ರಿಂಗು ಗಡಸಾಗಿರುತ್ತದೆ. (ಅನೇಕ ಸಣ್ಣ ಕಾರುಗಳ ಹಿಂಬದಿಯಲ್ಲಿ ಸ್ಪ್ರಿಂಗು ಮತ್ತು ಶಾಕ್‌ಅಬ್ಸಾರ್ಬರ್ ಬೇರೆ ಬೇರೆ ಜಾಗದಲ್ಲಿ ಇರುವುದರಿಂದ ಅಲ್ಲಿಗೆ ಈ ಹೆಸರು ಒಪ್ಪುವುದೇ ಇಲ್ಲ. ವ್ಯಾಪಾರದಲ್ಲಿ ಇದನ್ನೆಲ್ಲ ಯಾರು ನೋಡುತ್ತಾರೆ!)

ಐದನ್ನು ವರ್ಗಮೂಲದಿಂದ ಭಾಗಿಸಿ

ಸ್ಪ್ರಿಂಗಿನ ಮೇಲೆ ಹಾಕಿದ ಬಲಕ್ಕೆ ಅನುಪಾತವಾಗಿ ಅದು ಕುಗ್ಗುತ್ತದೆ ಎಂಬುದು ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದ ನಿಯಮ. ಕಾರಿನ ಭಾರ ಸ್ಪ್ರಿಂಗಿನ ಮೇಲೆ ಬಿದ್ದಾಗ ಅದು ಇಷ್ಟು ಸೆಂಟಿಮೀಟರ್ ಇಳಿಯಿತು ಎಂದಿಟ್ಟುಕೊಳ್ಳೋಣ. ಸರಳ ಸಂಗತ ಚಲನೆಯ ಸೂತ್ರದಲ್ಲಿ ದ್ರವ್ಯರಾಶಿ ಮತ್ತು ಸ್ಪ್ರಿಂಗು ಸ್ಥಿರಾಂಕಗಳ ಬದಲು ಈ ಇಳಿತವನ್ನೂ ಗುರುತ್ವ ವೇಗೋತ್ಕರ್ಷವನ್ನೂ ಬಳಸಿದರೆ ಒಂದು ಸೊಗಸಾದ ಫಲಿತಾಂಶ ಸಿಗುತ್ತದೆ. ಸೆಂಟಿಮೀಟರಿನಲ್ಲಿ ಅಳೆದ ಇಳಿತದ ವರ್ಗಮೂಲದಿಂದ 5ನ್ನು ಭಾಗಿಸಿದರೆ ಕಾರು ಸೆಕೆಂಡಿಗೆ ಎಷ್ಟು ಬಾರಿ ಮೇಲೆ ಕೆಳಗೆ ತೂಗುತ್ತದೆ ಎಂಬುದು, ಅಂದರೆ ಸ್ವಾಭಾವಿಕ ಆವೃತ್ತಿ, ಹರ್ಟ್ಸ್‌ನಲ್ಲಿ ದೊರೆಯುತ್ತದೆ. ಇಳಿತ 25 ಸೆಂ.ಮೀ. ಆದರೆ 1 ಹರ್ಟ್ಸ್. 6.25 ಸೆಂ.ಮೀ. ಆದರೆ 2 ಹರ್ಟ್ಸ್. ಕಾರು ಎಷ್ಟು ಭಾರ, ಸ್ಪ್ರಿಂಗು ಯಾವುದು ಎಂದು ಕೇಳುವ ಅಗತ್ಯವೇ ಇಲ್ಲ!

ಮನೆಬಳಕೆಯ ಕಾರುಗಳನ್ನು ಸಾಮಾನ್ಯವಾಗಿ 1ರಿಂದ 1.5 ಹರ್ಟ್ಸ್ ಆಸುಪಾಸಿನಲ್ಲಿ ಇರುವಂತೆ ರೂಪಿಸುತ್ತಾರೆ. ನಾವು ನಡೆಯುವಾಗ ನಮ್ಮ ದೇಹ ಮೇಲೆ ಕೆಳಗೆ ಆಡುವುದು ಹೆಚ್ಚುಕಡಿಮೆ ಇದೇ ಲಯದಲ್ಲಿ, ಹಾಗಾಗಿ ಅದು ನಮಗೆ ಒಗ್ಗಿದ ಲಯ. ಕುಳಿತ ಮನುಷ್ಯನಿಗೆ ಲಂಬ ಕಂಪನ ಅತ್ಯಂತ ಅಹಿತ ಎನಿಸುವುದು ಸುಮಾರು 4ರಿಂದ 8 ಹರ್ಟ್ಸ್ ನಡುವೆ. ಹೊಟ್ಟೆಯ ಒಳಗಿನ ಅಂಗಗಳು ಅನುರಣನಕ್ಕೆ ಒಳಗಾಗುವ ವಲಯ ಅದು.

ಈಗ ಒಂದು ಲೆಕ್ಕ ಮಾಡೋಣ. ಸಣ್ಣ ಕಾರೊಂದರ ಒಂದು ಮುಂಚಕ್ರದ ಸ್ಪ್ರಿಂಗು 270 ಕಿ.ಗ್ರಾಂ ಹೊತ್ತಿದೆ ಎಂದುಕೊಳ್ಳಿ. ಮೊದಲಿದ್ದ ಸ್ಪ್ರಿಂಗು 1 ಮಿ.ಮೀ. ಕುಗ್ಗಲು 2 ಕಿ.ಗ್ರಾಂ ಭಾರ ಬೇಕು. ಕಾಯಿಲ್‌ಓವರ್ ಪೆಟ್ಟಿಗೆಯ ಮೇಲೆ ಸ್ಪ್ರಿಂಗಿನ ಗಡಸುತನವನ್ನು ಬಹುಮಟ್ಟಿಗೆ ಹೀಗೆಯೇ 'ಇಷ್ಟು ಕಿ.ಗ್ರಾಂ/ಮಿ.ಮೀ.' ಎಂದು ನಮೂದಿಸುತ್ತಾರೆ. ಒಂದು ಕಿ.ಗ್ರಾಂ ಭಾರವೆಂದರೆ 9.8 ನ್ಯೂಟನ್, ಲೆಕ್ಕ ಸುಲಭವಾಗಲೆಂದು ಇಲ್ಲಿ 10 ಎನ್ನೋಣ. ಹಳೆಯ ಸ್ಪ್ರಿಂಗಿನ ಇಳಿತ 135 ಮಿ.ಮೀ., ಆವೃತ್ತಿ 1.36 ಹರ್ಟ್ಸ್. ಹೊಸ ಸ್ಪ್ರಿಂಗು 6 ಕಿ.ಗ್ರಾಂ/ಮಿ.ಮೀ. ಆಗಿದ್ದರೆ ಇಳಿತ ಕೇವಲ 45 ಮಿ.ಮೀ., ಆವೃತ್ತಿ 2.36 ಹರ್ಟ್ಸ್. ಗಡಸುತನ ಮೂರು ಪಟ್ಟಾದರೂ ಆವೃತ್ತಿ ಏರಿದ್ದು ಮೂರರ ವರ್ಗಮೂಲದಷ್ಟು, ಅಂದರೆ 1.73 ಪಟ್ಟು. ಆದರೆ ಅಷ್ಟೇ ಅಗಲದ ತೂಗಾಟಕ್ಕೆ ಮೈಗೆ ತಾಗುವ ವೇಗೋತ್ಕರ್ಷ ಆವೃತ್ತಿಯ ವರ್ಗಕ್ಕೆ ಅನುಪಾತವಾದ್ದರಿಂದ ಅದು ಪೂರ್ತಿ ಮೂರು ಪಟ್ಟು ಆಗುತ್ತದೆ. 'ಕಾರು ಕುಕ್ಕುತ್ತದೆ' ಎಂದು ಮನೆಯವರು ದೂರುವುದು ಈ ಮೂರು ಪಟ್ಟನ್ನು.

ಇಷ್ಟು ಗಡಸೇಕೆ?

ಆರಾಮ ಕೆಡುತ್ತದೆ ಎಂದು ಗೊತ್ತಿದ್ದೂ ತಯಾರಕರು ಗಡಸು ಸ್ಪ್ರಿಂಗನ್ನೇ ಏಕೆ ಕೊಡುತ್ತಾರೆ? ಕಾರು ವಾಲಬಾರದು ಎಂಬುದು ಒಂದು ಕಾರಣ. ಇನ್ನೊಂದು ಕಾರಣದ ಬಗ್ಗೆ ಯಾರೂ ಅಷ್ಟಾಗಿ ಮಾತನಾಡುವುದಿಲ್ಲ, ನಿಜವಾಗಿ ಮುಖ್ಯವಾದದ್ದು ಅದೇ.

ಚಕ್ರ ಉಬ್ಬಿಗೆ ಬಡಿದಾಗ ಆ ಶಕ್ತಿಯನ್ನು ಸ್ಪ್ರಿಂಗು ತನ್ನೊಳಗೆ ತೆಗೆದುಕೊಳ್ಳಬೇಕು. ಕಾರು ನಿಂತ ಮಟ್ಟದಿಂದ ಇನ್ನೂ ಎಷ್ಟು ಕುಗ್ಗಲು ಜಾಗವಿದೆಯೋ ಅದರ ವರ್ಗವನ್ನು ಸ್ಪ್ರಿಂಗು ಸ್ಥಿರಾಂಕದ ಅರ್ಧದಿಂದ ಗುಣಿಸಿದರೆ ಎಷ್ಟು ಶಕ್ತಿ ಹಿಡಿಯುತ್ತದೆ ಎಂಬುದು ಬರುತ್ತದೆ. ಮೊದಲು 80 ಮಿ.ಮೀ. ಜಾಗವಿತ್ತು ಎನ್ನೋಣ. 2 ಕಿ.ಗ್ರಾಂ/ಮಿ.ಮೀ. ಸ್ಪ್ರಿಂಗು ಹಿಡಿಯುವುದು 64 ಜೂಲ್. ಕಾರನ್ನು 40 ಮಿ.ಮೀ. ತಗ್ಗಿಸಿದಿರಿ, ಸ್ಪ್ರಿಂಗು ಅದೇ ಇದೆ. ಈಗ ಉಳಿದ ಜಾಗ 40 ಮಿ.ಮೀ., ಹಿಡಿಯುವ ಶಕ್ತಿ 16 ಜೂಲ್. ಜಾಗ ಅರ್ಧವಾದರೆ ಸಾಮರ್ಥ್ಯ ಕಾಲು ಭಾಗಕ್ಕೆ ಇಳಿಯಿತು! ಉಳಿದ ಶಕ್ತಿಯೆಲ್ಲ ಕೊಳವೆಯ ತುದಿಯಲ್ಲಿರುವ ರಬ್ಬರ್ ಅಡೆಗೆ, ಅದರ ಮೂಲಕ ಕಾರಿನ ಒಡಲಿಗೆ, ಕೊನೆಗೆ ನಮ್ಮ ಬೆನ್ನುಮೂಳೆಗೆ ಬಡಿಯುತ್ತದೆ. 6 ಕಿ.ಗ್ರಾಂ/ಮಿ.ಮೀ. ಸ್ಪ್ರಿಂಗು ಹಾಕಿದರೆ 48 ಜೂಲ್‌ವರೆಗೆ ಬರುತ್ತದೆ. ಮೊದಲಿನ 64 ಬೇಕೆಂದರೆ 8 ಕಿ.ಗ್ರಾಂ/ಮಿ.ಮೀ. ಬೇಕು.

ತಗ್ಗಿಸಿದ ಕಾರು ಗಡಸಾಗಲೇಬೇಕು ಎಂದಾಯಿತು. ಆರಾಮವೂ ಇರಲಿ, ಕಾರೂ ತಗ್ಗಲಿ ಎಂದರೆ ಆಗದು.

ಗ್ಯಾರೇಜುಗಳಲ್ಲಿ ಹಣ ಉಳಿಸಲು ಇದ್ದ ಸ್ಪ್ರಿಂಗಿನ ಒಂದೆರಡು ಸುತ್ತು ಕತ್ತರಿಸುವ ಪದ್ಧತಿಯೂ ಇದೆ. ಸುತ್ತುಗಳ ಸಂಖ್ಯೆ ಕಡಿಮೆಯಾದಷ್ಟೂ ಸ್ಪ್ರಿಂಗು ಗಡಸಾಗುತ್ತದೆ ನಿಜ, ಆದರೆ ಅದು ವಿಲೋಮಾನುಪಾತದಲ್ಲಿ ಮಾತ್ರ. ಆರು ಸುತ್ತಿನಲ್ಲಿ ಒಂದನ್ನು ಕತ್ತರಿಸಿದರೆ ಗಡಸುತನ ಹೆಚ್ಚುವುದು ಶೇ. 20, ಕಳೆದುಕೊಂಡ ಜಾಗಕ್ಕೆ ಅದು ಏನೇನೂ ಸಾಲದು. ಕತ್ತರಿಸಿದ ತುದಿ ತನ್ನ ತಟ್ಟೆಯಲ್ಲಿ ಸರಿಯಾಗಿ ಕೂರುವುದೂ ಇಲ್ಲ. ಕಾಯಿಲ್‌ಓವರ್ ತಯಾರಕರು ಮಾಡುವುದು ಬೇರೆ ಕೆಲಸ, ಅವರು ತಂತಿಯ ದಪ್ಪ ಮತ್ತು ಸುರುಳಿಯ ವ್ಯಾಸವನ್ನು ಬದಲಿಸುತ್ತಾರೆ. ಗಡಸುತನ ತಂತಿಯ ವ್ಯಾಸದ ನಾಲ್ಕನೇ ಘಾತಕ್ಕೆ ಅನುಪಾತ. 12 ಮಿ.ಮೀ. ತಂತಿಯ ಬದಲು 13 ಮಿ.ಮೀ. ಬಳಸಿದರೆ ಸಾಕು, ಶೇ. 38ರಷ್ಟು ಗಡಸು.

ಬಳೆ ತಿರುಗಿಸಿದರೆ ಸ್ಪ್ರಿಂಗು ಬಿಗಿಯಾಗುವುದೇ?

ಕಾಯಿಲ್‌ಓವರ್ ಇಟ್ಟುಕೊಂಡವರಲ್ಲಿ ಬಹಳ ಜನ ನಂಬಿರುವ ಒಂದು ಮಾತಿದೆ. ಬಳೆಯನ್ನು ಮೇಲಕ್ಕೆ ತಿರುಗಿಸಿ ಸ್ಪ್ರಿಂಗನ್ನು ಒತ್ತಿದರೆ ಸಸ್ಪೆನ್ಷನ್ ಬಿಗಿಯಾಗುತ್ತದೆ ಎಂದು. ವಿದ್ಯಾರ್ಥಿಗಳಿಗೆ ಇದು ಒಳ್ಳೆಯ ಪ್ರಶ್ನೆ.

ನಮ್ಮ 6 ಕಿ.ಗ್ರಾಂ/ಮಿ.ಮೀ. ಸ್ಪ್ರಿಂಗಿನ ಮೇಲೆ 270 ಕಿ.ಗ್ರಾಂ ಕೂತಾಗ ಅದು 45 ಮಿ.ಮೀ. ಕುಗ್ಗುತ್ತದೆ. ಬಳೆಯನ್ನು 10 ಮಿ.ಮೀ. ಮೇಲಕ್ಕೆ ತನ್ನಿ. ಕಾರಿನ ಭಾರ ಹೆಚ್ಚಾಯಿತೆ? ಇಲ್ಲ. ಹಾಗಾಗಿ ಸ್ಪ್ರಿಂಗು ಈಗಲೂ 45 ಮಿ.ಮೀ. ಮಾತ್ರ ಕುಗ್ಗಿರುತ್ತದೆ. ಬದಲಾದದ್ದು ಒಂದೇ, ಕಾರು 10 ಮಿ.ಮೀ. ಮೇಲೆದ್ದಿತು. ಸ್ಥಿರಾಂಕ ಅದೇ, ಆವೃತ್ತಿ ಅದೇ. ಚಕ್ರ ನೆಲ ಬಿಟ್ಟು ನೇತಾಡುವಾಗ ಸ್ಪ್ರಿಂಗಿನಲ್ಲಿ ಉಳಿಯುವ ಒತ್ತಡವಷ್ಟೇ ಹೆಚ್ಚುತ್ತದೆ. ಅದನ್ನೇ ಪ್ರೀಲೋಡ್ ಎನ್ನುತ್ತಾರೆ. ಈ ಒತ್ತಡವೇ 270 ಕಿ.ಗ್ರಾಂ ಮೀರುವಷ್ಟು ತಿರುಗಿಸಿದರೆ ಮಾತ್ರ, ಅಷ್ಟು ಬಲ ಮೀರುವವರೆಗೆ ಸ್ಪ್ರಿಂಗು ಅಲುಗದೆ ನಿಂತು ಕಾರು ಮರದ ಗಾಡಿಯಂತಾಗುತ್ತದೆ.

ಬಳೆಯನ್ನು ಕೆಳಕ್ಕೆ ಇಳಿಸಿದರೆ ಇನ್ನೊಂದು ತೊಂದರೆ. ಸ್ಪ್ರಿಂಗು ಕುಗ್ಗಿರುವುದೇ 45 ಮಿ.ಮೀ., ಆದ್ದರಿಂದ ಚಕ್ರ ಗುಂಡಿಗೆ ಇಳಿದಾಗ ಅದನ್ನು ಕೆಳಕ್ಕೆ ದೂಡಿ ನೆಲ ಮುಟ್ಟಿಸುವ ಬಲವೂ 45 ಮಿ.ಮೀ.ಗೆ ಮುಗಿಯುತ್ತದೆ. ಮೆದು ಸ್ಪ್ರಿಂಗು 135 ಮಿ.ಮೀ.ವರೆಗೆ ದೂಡಬಲ್ಲದು. ಅದಕ್ಕಿಂತ ಕೆಳಗೆ ಚಕ್ರ ಇಳಿದರೆ ಸ್ಪ್ರಿಂಗು ತಟ್ಟೆಯಿಂದ ಸಡಿಲವಾಗಿ ಖಟಖಟ ಸದ್ದು ಮಾಡುತ್ತದೆ, ಮರಳಿ ಕೂರುವಾಗ ಜಾಗ ತಪ್ಪಬಹುದು. ಇದನ್ನು ತಡೆಯಲೆಂದೇ ಕೆಲವು ತಯಾರಕರು ಮುಖ್ಯ ಸ್ಪ್ರಿಂಗಿನ ಜೊತೆ ತೆಳುವಾದ ಸಹಾಯಕ ಸ್ಪ್ರಿಂಗು ಕೊಡುತ್ತಾರೆ. ಉತ್ತಮ ದರ್ಜೆಯ ಕಾಯಿಲ್‌ಓವರ್‌ಗಳಲ್ಲಿ ಕೊಳವೆಯ ಕೆಳತುದಿಯ ಹಿಡಿಕೆಯೂ ತಿರುಪಿನದೇ ಆಗಿದ್ದು, ಸ್ಪ್ರಿಂಗನ್ನು ಮುಟ್ಟದೆ ಇಡೀ ಕೊಳವೆಯನ್ನೇ ಗಿಡ್ಡ ಅಥವಾ ಉದ್ದ ಮಾಡಬಹುದು. ಕೊಳ್ಳುವಾಗ ನೋಡಬೇಕಾದ ಅಂಶಗಳಲ್ಲಿ ಇದು ಮುಖ್ಯವಾದದ್ದು. ಬಣ್ಣವಲ್ಲ.

ಸ್ಪ್ರಿಂಗು ಶಕ್ತಿಯನ್ನು ಹಿಡಿದಿಡುತ್ತದೆ, ನುಂಗುವುದಿಲ್ಲ. ಅದನ್ನು ಉಷ್ಣವಾಗಿ ಕಳೆಯುವುದು ಶಾಕ್‌ಅಬ್ಸಾರ್ಬರ್. ಒಳಗಿನ ಕೊಂತ ಸಣ್ಣ ರಂಧ್ರಗಳ ಮೂಲಕ ಎಣ್ಣೆಯನ್ನು ನೂಕುತ್ತದೆ. ಕಾರು ಒಮ್ಮೆಯೂ ತೂಗಾಡದೆ ಮೊದಲಿನ ಮಟ್ಟಕ್ಕೆ ಮರಳಲು ಬೇಕಾದ ಕನಿಷ್ಠ ಅವಮಂದನಕ್ಕೆ ಕ್ರಾಂತಿಕ ಅವಮಂದನ ಎನ್ನುತ್ತಾರೆ. ಮನೆಬಳಕೆಯ ಕಾರಿನಲ್ಲಿ ಅದರ ಸುಮಾರು 0.3 ಭಾಗ ಇದ್ದರೆ ಹಿತ. ಆಗ ತೂಗಾಟದ ಅಗಲ ಪ್ರತಿ ಸುತ್ತಿಗೆ ಏಳನೇ ಒಂದು ಭಾಗಕ್ಕೆ ಇಳಿಯುತ್ತದೆ. ಶಾಕ್‌ಅಬ್ಸಾರ್ಬರ್ ಹಳೆಯದನ್ನೇ ಉಳಿಸಿ ಮೂರು ಪಟ್ಟು ಗಡಸು ಸ್ಪ್ರಿಂಗು ಮಾತ್ರ ಹಾಕಿದರೆ ಈ ಭಾಗ 0.17ಕ್ಕೆ ಇಳಿಯುತ್ತದೆ, ಪ್ರತಿ ಸುತ್ತಿನ ಕೊನೆಗೂ ಮೂರನೇ ಒಂದು ಭಾಗ ಉಳಿದು ಕಾರು ಚೆಂಡಿನಂತೆ ಪುಟಿಯುತ್ತದೆ. ಸ್ಪ್ರಿಂಗು ಮತ್ತು ಶಾಕ್‌ಅಬ್ಸಾರ್ಬರ್ ಜೋಡಿಯಾಗಿಯೇ ಬರುವುದು ಕಾಯಿಲ್‌ಓವರ್‌ನ ನಿಜವಾದ ಗುಣ.

ಮೇಲ್ತುದಿಯಲ್ಲಿ ಟಕ್ ಟಕ್ ಎಂದು ತಿರುಗುವ ಗುಬುಟು ಈ ಅವಮಂದನವನ್ನು ಬದಲಿಸುತ್ತದೆ. ಬಹುಪಾಲು ಅಗ್ಗದವುಗಳಲ್ಲಿ ಕುಗ್ಗುವ ಮತ್ತು ಹಿಗ್ಗುವ ಎರಡೂ ಚಲನೆಗಳು ಒಟ್ಟಿಗೇ ಬದಲಾಗುತ್ತವೆ. ಗಡಸಾದಷ್ಟೂ ಒಳ್ಳೆಯದು ಎಂದು ಕೊನೆಯವರೆಗೆ ತಿರುಗಿಸುವವರಿದ್ದಾರೆ. ಆಗ ಒಂದು ಗುಂಡಿಯಲ್ಲಿ ಕುಗ್ಗಿದ ಸ್ಪ್ರಿಂಗು ಹಿಗ್ಗಿ ಮೊದಲಿನ ಮಟ್ಟಕ್ಕೆ ಬರುವ ಮೊದಲೇ ಮುಂದಿನ ಗುಂಡಿ ಬರುತ್ತದೆ. ಸಾಲು ಗುಂಡಿಗಳಲ್ಲಿ ಕಾರು ಮೆಟ್ಟಿಲು ಇಳಿದಂತೆ ತಗ್ಗುತ್ತಾ ಹೋಗಿ ಕೊನೆಗೆ ರಬ್ಬರ್ ಅಡೆಯ ಮೇಲೇ ಓಡುತ್ತದೆ. ಮಳೆಗಾಲದ ನಂತರದ ನಮ್ಮ ರಸ್ತೆಗಳಲ್ಲಿ ಇದು ಕಲ್ಪನೆಯ ಮಾತಲ್ಲ.

ಉಬ್ಬಿನ ಮೇಲೆ

ಭಾರತೀಯ ರಸ್ತೆ ಕಾಂಗ್ರೆಸ್ 1988ರ ತನ್ನ ಮಾರ್ಗಸೂಚಿಯಲ್ಲಿ ರಸ್ತೆ ಉಬ್ಬಿನ ಅಳತೆ ಕೊಟ್ಟಿದೆ: ಅಗಲ 3.7 ಮೀ., ಎತ್ತರ 10 ಸೆಂ.ಮೀ., ವಕ್ರತೆಯ ತ್ರಿಜ್ಯ 17 ಮೀ. ಗಂಟೆಗೆ 25 ಕಿ.ಮೀ. ವೇಗದಲ್ಲಿ ದಾಟಲು ಇದು ಸೂಕ್ತ. ಆ ವೇಗದಲ್ಲಿ ಕೇಂದ್ರಾಭಿಮುಖ ವೇಗೋತ್ಕರ್ಷ ಸೆಕೆಂಡ್ ವರ್ಗಕ್ಕೆ 2.8 ಮೀ. 50 ಕಿ.ಮೀ. ವೇಗದಲ್ಲಾದರೆ 11.3 ಮೀ., ಅಂದರೆ ಗುರುತ್ವವನ್ನೇ ಮೀರಿದ್ದು. ಗಡಸು ಸ್ಪ್ರಿಂಗಿನ ಕಾರು ಉಬ್ಬಿನ ಆಕಾರವನ್ನು ಹೆಚ್ಚು ನಿಷ್ಠೆಯಿಂದ ಹಿಂಬಾಲಿಸುವುದರಿಂದ ನೆಲ ಬಿಟ್ಟು ಹಾರುತ್ತದೆ.

ಹೊಟ್ಟೆಯ ಲೆಕ್ಕ ನೋಡೋಣ. ಎರಡು ಅಚ್ಚುಗಳ ನಡುವೆ 2.45 ಮೀ. ಅಂತರವಿರುವ ಕಾರು ಈ ಉಬ್ಬಿನ ನೆತ್ತಿಯ ಮೇಲಿದ್ದಾಗ ಉಬ್ಬು ಕಾರಿನ ನಡುಭಾಗದಲ್ಲಿ 4.4 ಸೆಂ.ಮೀ. ಮೇಲೆ ಬರುತ್ತದೆ. ಅಂತರದ ವರ್ಗವನ್ನು ತ್ರಿಜ್ಯದ ಎಂಟು ಪಟ್ಟಿನಿಂದ ಭಾಗಿಸಿದರೆ ಇದು ಸಿಗುತ್ತದೆ. ನೆಲದಂತರ ಮೊದಲು 17 ಸೆಂ.ಮೀ. ಇತ್ತು, 4 ಸೆಂ.ಮೀ. ತಗ್ಗಿಸಿದಿರಿ, ಮನೆಮಂದಿ ಕೂತಾಗ ಇನ್ನೂ ಒಂದೂವರೆ ಸೆಂ.ಮೀ. ಇಳಿಯಿತು. ಉಳಿದದ್ದು 11.5. ಪ್ರಮಾಣಬದ್ಧ ಉಬ್ಬನ್ನು 7 ಸೆಂ.ಮೀ. ಬಾಕಿ ಇಟ್ಟುಕೊಂಡೇ ದಾಟಬಹುದು. ಆದರೆ ಊರವರು, ಬಡಾವಣೆಯವರು ತಾವೇ ಹಾಕಿಕೊಂಡ ಮೊಳದಗಲದ ದಿಣ್ಣೆಯೇ ಎದುರಾದರೆ? ಅದು ಎರಡು ಅಚ್ಚುಗಳ ನಡುವೆ ಪೂರ್ತಿ ಹಿಡಿಸುತ್ತದೆ, ಆದ್ದರಿಂದ ಅದರ ಎತ್ತರವೆಲ್ಲ ಲೆಕ್ಕಕ್ಕೆ ಬರುತ್ತದೆ. ದಿಣ್ಣೆ 10 ಸೆಂ.ಮೀ. ಎತ್ತರವಿದ್ದರೆ ಉಳಿಯುವುದು ಒಂದೂವರೆ ಸೆಂ.ಮೀ. ಕಾರು ತುಸು ತೂಗಿದರೂ ಎಂಜಿನ್ ಎಣ್ಣೆಯ ತೊಟ್ಟಿಯೋ ಹೊಗೆ ಕೊಳವೆಯೋ ಕಾಂಕ್ರೀಟಿಗೆ ತಾಗುತ್ತದೆ. ತೊಟ್ಟಿ ಒಡೆದು ಎಣ್ಣೆ ಸೋರಿದ್ದು ತಿಳಿಯದೆ ಮುಂದೆ ಓಡಿಸಿದರೆ ಎಂಜಿನ್ನೇ ಹೋಗುತ್ತದೆ.

ದಿನನಿತ್ಯದ ಪಾಲನೆ

ಕಾರು ತಗ್ಗಿದಾಗ ಚಕ್ರಗಳ ಓರೆ ಮತ್ತು ದಿಕ್ಕು ಎರಡೂ ಬದಲಾಗುತ್ತವೆ. ವ್ಹೀಲ್ ಅಲೈನ್‌ಮೆಂಟ್ ಮಾಡಿಸದಿದ್ದರೆ ಟೈರಿನ ಒಳ ಅಂಚು ಬೇಗ ಸವೆಯುತ್ತದೆ. ಹೊರಗಿನಿಂದ ನೋಡಿದರೆ ಟೈರು ಚೆನ್ನಾಗಿಯೇ ಕಾಣುವುದರಿಂದ ಇದು ಅಪಾಯಕಾರಿ. ಪ್ರತಿ ಬಾರಿ ಎತ್ತರ ಬದಲಿಸಿದಾಗಲೂ ಅಲೈನ್‌ಮೆಂಟ್ ಮಾಡಿಸಬೇಕು, ದೀಪಗಳ ಕೋನವನ್ನೂ ನೋಡಬೇಕು. ಅನೇಕ ಕಾಯಿಲ್‌ಓವರ್‌ಗಳಲ್ಲಿ ಮೇಲ್ತುದಿಯ ರಬ್ಬರ್ ಬದಲು ಲೋಹದ ಗೋಳಾಕಾರದ ಬೇರಿಂಗ್ ಇರುತ್ತದೆ. ಸ್ಟಿಯರಿಂಗ್ ಚುರುಕಾಗುತ್ತದೆ, ಆದರೆ ರಸ್ತೆಯ ಸಣ್ಣ ಕಲ್ಲಿನ ಸದ್ದೂ ಕಾರಿನೊಳಗೆ ಕೇಳುತ್ತದೆ, ಧೂಳು ಸೇರಿದ ಬೇರಿಂಗ್ ಕಾಲಕ್ರಮದಲ್ಲಿ ಕಟಕಟ ಎನ್ನತೊಡಗುತ್ತದೆ.

ಕರಾವಳಿ ಮತ್ತು ಮಲೆನಾಡಿನಲ್ಲಿ ಇನ್ನೊಂದು ಶತ್ರು ತುಕ್ಕು. ಚಕ್ರ ಎರಚುವ ಕೆಸರು ನೇರವಾಗಿ ತಿರುಪಿನ ಮೇಲೇ ಬೀಳುತ್ತದೆ. ಉಪ್ಪುಗಾಳಿ, ಕೆಂಪುಮಣ್ಣು, ತಿಂಗಳುಗಟ್ಟಲೆ ತೇವ ಸೇರಿದರೆ ಬಳೆ ಕೊಳವೆಗೆ ಕಚ್ಚಿಕೊಳ್ಳುತ್ತದೆ. ಉಕ್ಕಿನ ಕೊಳವೆಯ ಮೇಲೆ ಅಲ್ಯೂಮಿನಿಯಂ ಬಳೆ ಇದ್ದರಂತೂ ಎರಡು ಭಿನ್ನ ಲೋಹಗಳ ನಡುವಿನ ವಿದ್ಯುದ್ರಾಸಾಯನಿಕ ಕ್ರಿಯೆಯಿಂದ ಸವೆತ ಇನ್ನೂ ಬೇಗ. ಮಳೆಗಾಲದ ಮೊದಲು ಮತ್ತು ನಂತರ ನೀರು ಹಾಯಿಸಿ, ಬ್ರಷ್‌ನಿಂದ ಉಜ್ಜಿ, ಒಣಗಿದ ಮೇಲೆ ಗ್ರೀಸ್ ಸವರಬೇಕು. ಎತ್ತರ ಬದಲಿಸುವ ಅಗತ್ಯವಿರದಿದ್ದರೂ ವರ್ಷಕ್ಕೊಮ್ಮೆ ಬಳೆಯನ್ನು ಸಡಿಲಿಸಿ ಮತ್ತೆ ಅದೇ ಜಾಗದಲ್ಲಿ ಬಿಗಿ ಮಾಡುವುದು ಒಳ್ಳೆಯದು. ಕೊಂತದ ಸರಳಿನ ಮೇಲೆ ಎಣ್ಣೆಯ ಪಸೆ ಕಂಡರೆ ಸೀಲ್ ಹೋಗಿದೆ ಎಂದೇ ಅರ್ಥ.

ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರು ಮೂಲತಃ ಕೊಟ್ಟ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಬಾರದು ಎನ್ನುತ್ತದೆ. 2019ರ ತಿದ್ದುಪಡಿ, ಅನುಮತಿಯಿಲ್ಲದ ಮಾರ್ಪಾಟಿಗೆ ಆರು ತಿಂಗಳವರೆಗಿನ ಸೆರೆ ಅಥವಾ ಪ್ರತಿ ಮಾರ್ಪಾಟಿಗೆ 5000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಲು ಅವಕಾಶ ಕೊಟ್ಟಿದೆ. ಸಾರಿಗೆ ಕಚೇರಿಯಲ್ಲೂ ವಿಮಾ ಕಂಪನಿಯಲ್ಲೂ ಮೊದಲೇ ಲಿಖಿತವಾಗಿ ವಿಚಾರಿಸುವುದು ಕ್ಷೇಮ.

ಹಾಗಾದರೆ ಲಾಭವೇ ಇಲ್ಲವೆ? ಇದೆ. ತಿರುವಿನಲ್ಲಿ ಕಾರು ಕಡಿಮೆ ವಾಲುತ್ತದೆ, ಬ್ರೇಕ್ ಒತ್ತಿದಾಗ ಮೂತಿ ಅಷ್ಟಾಗಿ ಕೆಳಗೆ ಹೋಗುವುದಿಲ್ಲ, ಸ್ಟಿಯರಿಂಗ್ ತಿರುಗಿಸಿದೊಡನೆ ಕಾರು ಸ್ಪಂದಿಸುತ್ತದೆ. ಹಿಂದಿನ ಸೀಟು ತುಂಬಿದರೂ ಗಡಸು ಸ್ಪ್ರಿಂಗು ಹೆಚ್ಚು ಕುಸಿಯುವುದಿಲ್ಲ. ಆದರೆ ಒಂದು ಭ್ರಮೆ ಬೇಡ. ತಿರುವಿನಲ್ಲಿ ಒಳಚಕ್ರದಿಂದ ಹೊರಚಕ್ರಕ್ಕೆ ವರ್ಗವಾಗುವ ಒಟ್ಟು ಭಾರವನ್ನು ನಿರ್ಧರಿಸುವುದು ಗುರುತ್ವ ಕೇಂದ್ರದ ಎತ್ತರ ಮತ್ತು ಚಕ್ರಗಳ ನಡುವಿನ ಅಂತರ, ಸ್ಪ್ರಿಂಗಿನ ಗಡಸುತನವಲ್ಲ. 55 ಸೆಂ.ಮೀ. ಎತ್ತರದ ಗುರುತ್ವ ಕೇಂದ್ರ 51ಕ್ಕೆ ಇಳಿದರೆ ಸಿಗುವ ಲಾಭ ಶೇ. 7. ನುಣುಪಾದ ಪಂದ್ಯದ ಹಾದಿಯಲ್ಲಿ ಅದು ಗೆಲುವು ಸೋಲಿನ ಅಂತರ. ಕಿತ್ತುಹೋದ ಟಾರಿನ ಮೇಲೆ ಗಡಸು ಸ್ಪ್ರಿಂಗಿನ ಚಕ್ರ ನೆಲ ಬಿಟ್ಟು ಕುಣಿಯುವುದರಿಂದ ಹಿಡಿತ ಕಡಿಮೆಯಾಗಿ, ಬ್ರೇಕ್ ಹಾಕಿದಾಗ ಕಾರು ನಿಲ್ಲುವ ದೂರ ಹೆಚ್ಚುತ್ತದೆ.

ಹೀಗಾಗಿ, ಮನೆಗೊಂದೇ ಕಾರು ಇರುವವರು ಹಾಕಲೇಬೇಕೆಂದಿದ್ದರೆ 4 ಸೆಂ.ಮೀ. ಬದಲು ಒಂದೂವರೆಗೆ ನಿಲ್ಲಿಸುವುದು, 3ರಿಂದ 4 ಕಿ.ಗ್ರಾಂ/ಮಿ.ಮೀ. ಒಳಗಿನ ಸ್ಪ್ರಿಂಗನ್ನೇ ಆರಿಸುವುದು ನನಗೆ ಸರಿ ಎನಿಸುತ್ತದೆ. ಹಳೆಯ ಕಾರು ತೂಗಾಡುತ್ತದೆ ಎಂಬುದಷ್ಟೇ ದೂರಾದರೆ ಸವೆದ ಶಾಕ್‌ಅಬ್ಸಾರ್ಬರ್ ಮತ್ತು ರಬ್ಬರ್ ಬುಷ್‌ಗಳನ್ನು ಬದಲಿಸಿ ನೋಡಿ, ಬಹಳ ಕಡಿಮೆ ಖರ್ಚಿನಲ್ಲಿ ಕೆಲಸ ಮುಗಿಯಬಹುದು.

ತರಗತಿಯಲ್ಲಿ

'ಐದನ್ನು ವರ್ಗಮೂಲದಿಂದ ಭಾಗಿಸುವ' ನಿಯಮವನ್ನು ಪ್ರಯೋಗಾಲಯದ ಸ್ಪ್ರಿಂಗಿನಿಂದ ಪರೀಕ್ಷಿಸಬಹುದು. ತೂಕ ನೇತುಹಾಕಿ ಸ್ಪ್ರಿಂಗು ಎಷ್ಟು ಎಳೆಯಿತು ಎಂದು ಅಳೆಯಿರಿ. ಮೆಲ್ಲಗೆ ಎಳೆದು ಬಿಟ್ಟು 20 ಆಂದೋಲನಗಳಿಗೆ ಹಿಡಿದ ಕಾಲ ಗುರುತಿಸಿ. ಎಳೆತ 9 ಸೆಂ.ಮೀ. ಇದ್ದರೆ 12 ಸೆಕೆಂಡ್, 4 ಸೆಂ.ಮೀ. ಇದ್ದರೆ 8 ಸೆಕೆಂಡ್ ಬರಬೇಕು. ತೂಕ ಬದಲಿಸಿ, ಸ್ಪ್ರಿಂಗು ಬದಲಿಸಿ, ಎಳೆತ ಒಂದೇ ಆಗಿದ್ದರೆ ಕಾಲವೂ ಒಂದೇ. ಕೆಲವು ಸ್ಪ್ರಿಂಗುಗಳಲ್ಲಿ ಉತ್ತರ ತಾಳೆಯಾಗದು. ಸುತ್ತುಗಳು ಒಂದಕ್ಕೊಂದು ಒತ್ತಿಕೊಂಡಿರುವ ಸ್ಪ್ರಿಂಗಿನಲ್ಲಿ ತಯಾರಿಸುವಾಗಲೇ ಬಿಗಿತ ಉಳಿದಿರುತ್ತದೆ, ಸ್ವಲ್ಪ ತೂಕ ಹಾಕುವವರೆಗೆ ಅದು ಬಾಯಿ ಬಿಡುವುದೇ ಇಲ್ಲ. ಕಾಯಿಲ್‌ಓವರ್‌ನ ಪ್ರೀಲೋಡ್ ಕೂಡ ಇದೇ. ಅಂಥ ಸ್ಪ್ರಿಂಗಿಗೆ ಎರಡು ಬೇರೆ ಬೇರೆ ತೂಕ ಹಾಕಿ, ಎಳೆತಗಳ ವ್ಯತ್ಯಾಸದಿಂದ ಸ್ಥಿರಾಂಕ ಕಂಡುಹಿಡಿಯುವಂತೆ ವಿದ್ಯಾರ್ಥಿಗಳಿಗೆ ಹೇಳಿ.